ವಾಯಿದೆಯಿಲ್ಲದ ಕಾಯಿದೆ

(ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಉಪಾಧ್ಯಾಯರೂ ಪುರಜನರೂ ಹಾಸನದಲ್ಲಿ ನೆರೆದಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ತಮ್ಮ ಮುಂದೆ ಅರಿಕೆ ಮಾಡಬೇಕೆಂದಿರುವ ವಿಷಯವು ಮೇಲ್ನೋಟಕ್ಕೆ ವಕೀಲರ ಕೊಠಡಿಗೆ ಸೇರಿದ್ದೆಂದು ತೋರಬಹುದು. ಭಯೋತ್ಪಾದನೆಯನ್ನು ಅಡಗಿಸುವುದಕ್ಕೆಂದು ಪಾರ್ಲಿಮೆಂಟು ಮಾಡಿರುವ ಕಾಯಿದೆಗಳನ್ನು ಅದೇ ಪಾರ್ಲಿಮೆಂಟು ಗೊತ್ತಾದ ಕಾಲಕ್ಕೊಮ್ಮೆ ಮುಂದಿಟ್ಟುಕೊಂಡು ವಿಮರ್ಶಿಸಬೇಕೇ ಬೇಡವೇ ಎಂಬುದೇ ಆ ವಿಷಯ. ನಮ್ಮ ರೈತನು ಸೊಸೈಟಿಯಲ್ಲಿ ಗೊಬ್ಬರಕ್ಕೆಂದು ತೆಗೆಯುವ ಸಾಲಕ್ಕೂ ವಾಯಿದೆಯುಂಟು. ಗುತ್ತಿಗೆಯ ಪತ್ರಕ್ಕೆ ವಾಯಿದೆಯುಂಟು. ಅಂಗಡಿಯ ಬಾಡಿಗೆ ಕರಾರಿಗೂ ವಾಯಿದೆಯುಂಟು. ದಿನವನ್ನು ಬರೆಯದ ಪತ್ರಕ್ಕೆ ತಿಳಿದವರು ಯಾರೂ ರುಜು ಹಾಕರು. ಆದರೆ ಮನುಷ್ಯನ ಸ್ವಾತಂತ್ರ್ಯವನ್ನೇ ಒತ್ತೆಯಾಗಿ ತೆಗೆದುಕೊಳ್ಳುವ ಕಾಯಿದೆಗೆ ವಾಯಿದೆಯನ್ನು ಬರೆಯದೆ ನಮ್ಮ ಪ್ರತಿನಿಧಿಗಳು ರುಜು ಹಾಕಿದ್ದಾರೆ. ಈ ಮಾತನ್ನು ವಿವರಿಸುವುದಕ್ಕಾಗಿ ತಮ್ಮ ಸಮಯವನ್ನು ಬೇಡುತ್ತೇನೆ.

ಮೊದಲಿಗೇ ಒಂದು ಸಂಶಯವನ್ನು ನಿವಾರಿಸಿಬಿಡುತ್ತೇನೆ. ಬಾಂಬು ಹಾಕಿ ನಿರಪರಾಧಿಗಳನ್ನು ಕೊಲ್ಲುವವರಿಗೆ ಕರುಣೆ ತೋರಬೇಕೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಬೆಂಗಳೂರು ನಗರವು ೨೦೦೮ರ ಜುಲೈ ೨೫ರಂದು, ೨೦೧೦ರ ಏಪ್ರಿಲ್ ೧೭ರಂದು, ೨೦೧೪ರ ಡಿಸೆಂಬರ್ ೨೮ರಂದು, ಮತ್ತೆ ೨೦೨೪ರ ಮಾರ್ಚ್ ೧ರಂದು ಸ್ಫೋಟಗಳ ಸದ್ದನ್ನು ಕೇಳಿದೆ. ಈ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಆ ನಗರದಲ್ಲಿ ದುಡಿಯುತ್ತಿದ್ದಾರೆ. ರಾಜ್ಯವು ಪ್ರಜೆಯ ಪ್ರಾಣವನ್ನು ಕಾಯಲೇಬೇಕು. ಅದಕ್ಕೆ ಬಿಗಿಯಾದ ಕಾಯಿದೆ ಬೇಕಾದೀತು. ಆದರೆ ಅಂಥ ಕಾಯಿದೆ ಮಾಡುವುದು ಸಾಮಾನ್ಯವಾಗಿ ದುಃಖವೂ ಕೋಪವೂ ಹಸಿಯಾಗಿರುವ ದಿನಗಳಲ್ಲಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಆದುದರಿಂದಲೇ ಕೋಪ ಆರಿದ ಮೇಲೆ ಮತ್ತೊಮ್ಮೆ ಕೂತು ನೋಡುವ ಏರ್ಪಾಡು ಕಾಯಿದೆಯ ಒಳಗೇ ಇರಬೇಕು.

ಲೆಕ್ಕ ಕೇಳುವ ಈ ಪದ್ಧತಿ ನಮ್ಮ ಸೀಮೆಗೆ ಹೊಸದಲ್ಲ. ೧೮೮೧ನೆಯ ಇಸವಿ ಅಕ್ಟೋಬರ್ ೭ರಂದು ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಮೊದಲ ಸಭೆಗೆ ೧೪೪ ಮಂದಿ ಸೇರಿದರು. ಆ ತರುವಾಯ ದಸರೆಯ ಕಾಲದಲ್ಲಿ ಸಂಸ್ಥಾನದ ತಾಲ್ಲೂಕುಗಳ ಪ್ರತಿನಿಧಿಗಳು ಮೈಸೂರಿಗೆ ಹೋಗಿ, ಹಿಂದಿನ ವರ್ಷದ ಆಡಳಿತದ ವರದಿಯನ್ನು ದಿವಾನರ ಬಾಯಿಂದಲೇ ಕೇಳಿ, ತಮ್ಮ ಕುಂದುಕೊರತೆಗಳನ್ನು ಅರಿಕೆ ಮಾಡುವ ಪದ್ಧತಿ ನೆಲೆಯಾಯಿತು. ಆ ಸಭೆಗೆ ಕಾನೂನು ಮಾಡುವ ಅಧಿಕಾರ ಆಗ ಇರಲಿಲ್ಲ. ಆದರೂ ವರ್ಷಕ್ಕೊಮ್ಮೆ ಸರ್ಕಾರದವರು ಪ್ರಜೆಗಳ ಮುಂದೆ ನಿಂತು ಲೆಕ್ಕವೊಪ್ಪಿಸಬೇಕೆಂಬ ಮರ್ಯಾದೆಯನ್ನು ಅದು ಹುಟ್ಟಿಸಿತು. ಇಂದು ನಾವು ಕೇಳುತ್ತಿರುವುದು ಅದೇ ಮರ್ಯಾದೆಯನ್ನು.

ಪರರ ಆಳಿಕೆಯ ಕಾಲದ ಒಂದು ಸಂಗತಿಯನ್ನೂ ನೆನೆಯಬೇಕು. ೧೯೧೯ರ ಮಾರ್ಚ್ ತಿಂಗಳಲ್ಲಿ ಬ್ರಿಟಿಷ್ ಸರ್ಕಾರವು ರೌಲಟ್ ಕಾಯಿದೆಯನ್ನು ಹೊರಡಿಸಿತು. ಸಾಮ್ರಾಜ್ಯದ ಶಾಸನಸಭೆಯಲ್ಲಿದ್ದ ಚುನಾಯಿತ ಭಾರತೀಯ ಸದಸ್ಯರು ಅದನ್ನು ವಿರೋಧಿಸಿದರು. ಅಧಿಕಾರಿಗಳ ಕೈಗಳ ಬಲದಿಂದ ಅದು ಅಂಗೀಕಾರವಾಯಿತು. ವಿಚಾರಣೆಯಿಲ್ಲದೆ ಬಂಧಿಸುವ ಅಧಿಕಾರವನ್ನು ಅದು ಕೊಟ್ಟಿತು. ಏಪ್ರಿಲ್ ೧೩ರಂದು ಜಲಿಯನ್‌ವಾಲಾ ಬಾಗಿನಲ್ಲಿ ರಕ್ತ ಹರಿಯಿತು. ಅಷ್ಟು ಕುಖ್ಯಾತವಾದ ಆ ಕಾಯಿದೆಗೂ ಒಂದು ವಾಯಿದೆಯಿತ್ತೆಂಬುದನ್ನು ನಾವು ಮರೆಯುತ್ತೇವೆ. ಮಹಾಯುದ್ಧ ಮುಗಿದ ಮೇಲೆ ಮೂರು ವರ್ಷಗಳಷ್ಟೇ ಅದರ ಆಯುಷ್ಯ. ೧೯೨೧ರಲ್ಲಿ ತೇಜ್ ಬಹಾದುರ್ ಸಪ್ರು ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ಕೂತು ದಮನಕಾರಿ ಕಾಯಿದೆಗಳನ್ನು ಪರಿಶೀಲಿಸಿತು. ಅದರ ಶಿಫಾರಸಿನ ಮೇಲೆ ೧೯೨೨ರಲ್ಲಿ ರೌಲಟ್ ಕಾಯಿದೆ ರದ್ದಾಯಿತು. ಪರಕೀಯರೇ ತಮ್ಮ ಕಾಯಿದೆಯನ್ನು ವಿಮರ್ಶೆಗೆ ಒಪ್ಪಿಸಿದರೆಂದ ಮೇಲೆ ಸ್ವರಾಜ್ಯವು ಅದಕ್ಕೆ ಹಿಂಜರಿಯಬೇಕಾದ ಕಾರಣವೇನು?

ಸ್ವರಾಜ್ಯ ಬಂದ ಮೇಲೆ ಸಂವಿಧಾನವು ಜಾರಿಯಾಗಿ ಒಂದು ತಿಂಗಳು ಕಳೆಯುವುದರೊಳಗೆ, ೧೯೫೦ರ ಫೆಬ್ರವರಿಯಲ್ಲಿ, ಸರ್ದಾರ್ ಪಟೇಲರು ಮುನ್ನೆಚ್ಚರಿಕೆಯ ಬಂಧನದ ಕಾಯಿದೆಯನ್ನು ತಂದರು. ಅವರು ಅದಕ್ಕೆ ಒಂದೇ ವರ್ಷದ ವಾಯಿದೆಯನ್ನಿಟ್ಟರು. ತರುವಾಯ ಬಂದವರು ಅದನ್ನು ಮತ್ತೆ ಮತ್ತೆ ಮುಂದುವರಿಸಿದ್ದು ನಿಜ. ಆದರೆ ಮುಂದುವರಿಸಬೇಕಾದಾಗಲೆಲ್ಲ ಸರ್ಕಾರವು ಸಭೆಯ ಮುಂದೆ ಬಂದು ಕಾರಣವನ್ನು ಹೇಳಬೇಕಾಗುತ್ತಿತ್ತು. ಕಡೆಗೆ ೧೯೬೯ರ ಡಿಸೆಂಬರ್ ೩೧ರಂದು ಅದು ತಾನಾಗಿ ಕೊನೆಗೊಂಡಿತು.

ಎರಡು ವರ್ಷಗಳೊಳಗೆ, ೧೯೭೧ರಲ್ಲಿ, ಆಂತರಿಕ ಭದ್ರತೆಯ ಕಾಯಿದೆ ಬಂದಿತು. ಜನರು ಅದನ್ನು ಮೀಸಾ ಎಂದು ಕರೆದರು. ಅದರ ರುಚಿಯನ್ನು ಈ ಜಿಲ್ಲೆ ಚೆನ್ನಾಗಿ ಬಲ್ಲದು. ಹೊಳೆನರಸೀಪುರದ ಶಾಸಕರೂ ೧೯೭೨ರಿಂದ ವಿಧಾನಸಭೆಯ ವಿರೋಧ ಪಕ್ಷದ ನಾಯಕರೂ ಆಗಿದ್ದ ಶ್ರೀ ಎಚ್. ಡಿ. ದೇವೇಗೌಡರು ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಮನೆಯನ್ನು ಸೇರಬೇಕಾಯಿತು. ಪಾರ್ಲಿಮೆಂಟಿನ ಸಮಿತಿಯೊಂದರ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ ಶ್ರೀ ವಾಜಪೇಯಿ, ಶ್ರೀ ಆಡ್ವಾಣಿ ಮೊದಲಾದವರನ್ನು ೧೯೭೫ರ ಜೂನ್ ೨೬ರಂದು ಅಲ್ಲಿಯೇ ದಸ್ತಗಿರಿ ಮಾಡಲಾಯಿತು. ಬಂಧಿತರು ನ್ಯಾಯಾಲಯದ ಬಾಗಿಲನ್ನು ತಟ್ಟಿದರು. ೧೯೭೬ರ ಏಪ್ರಿಲ್ ೨೮ರಂದು ಸುಪ್ರೀಂ ಕೋರ್ಟು, ಐವರಲ್ಲಿ ನಾಲ್ವರು ನ್ಯಾಯಾಧೀಶರ ಅಭಿಪ್ರಾಯದಂತೆ, ಆ ಬಾಗಿಲು ತೆರೆಯದೆಂದು ತೀರ್ಪಿತ್ತಿತು, ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರೊಬ್ಬರೇ ಭಿನ್ನವಾಗಿ ನಿಂತರು. ಆ ಕಾಯಿದೆ ೧೯೭೮ರಲ್ಲಿ ರದ್ದಾಯಿತು. ಅಂದು ಬೆಂಗಳೂರಿನಲ್ಲಿ ಕಂಬಿಯ ಹಿಂದಿದ್ದವರಲ್ಲಿ ಇಬ್ಬರು ಮುಂದೆ ಪ್ರಧಾನ ಮಂತ್ರಿಗಳಾದರು; ಅವರಲ್ಲೊಬ್ಬರು ನಮ್ಮ ಜಿಲ್ಲೆಯವರು. ಇಂದು ಅಧಿಕಾರದಲ್ಲಿರುವವನು ನಾಳೆ ಆಪಾದಿತನಾಗಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಕಿಲ್ಲ.

ಇನ್ನು ನೇರವಾಗಿ ಭಯೋತ್ಪಾದನೆಯ ಹೆಸರಿನ ಕಾಯಿದೆಗಳಿಗೆ ಬರೋಣ. ೧೯೮೫ರ ಮೇ ತಿಂಗಳಲ್ಲಿ ಟಾಡಾ ಕಾಯಿದೆ ಎರಡು ವರ್ಷಗಳ ವಾಯಿದೆಯೊಡನೆ ಹುಟ್ಟಿತು. ೧೯೮೭ರಲ್ಲಿ ಅದನ್ನು ಹೊಸದಾಗಿ ಬರೆದರು. ೧೯೮೯, ೧೯೯೧, ೧೯೯೩ರಲ್ಲಿ ಮುಂದುವರಿಸಿದರು. ಪೋಲೀಸ್ ಸೂಪರಿಂಟೆಂಡೆಂಟರ ದರ್ಜೆಯ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಅದು ಸಾಕ್ಷ್ಯವೆಂದು ಎಣಿಸಿತು. ಜಾಮೀನಿನ ದಾರಿಯನ್ನು ಬಹಳ ಇಕ್ಕಟ್ಟು ಮಾಡಿತು. ಪಂಜಾಬಿನ ಉಪದ್ರವಕ್ಕೆಂದು ಮಾಡಿದ ಈ ಕಾಯಿದೆ ಕಾಲಕ್ರಮದಲ್ಲಿ ದೇಶದ ಮೂಲೆಮೂಲೆಗೂ ಹಬ್ಬಿ, ನಮ್ಮ ನೆರೆಯಲ್ಲಿಯೇ, ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನ ಹಳ್ಳಿಗಳನ್ನೂ ಮುಟ್ಟಿತು.

ಅಲ್ಲಿ ವೀರಪ್ಪನ್ ಎಂಬ ಘಾತುಕನಿದ್ದನು. ೧೯೯೩ರ ಏಪ್ರಿಲ್ ೯ರಂದು ಪಾಲಾರಿನ ಬಳಿ ಅವನ ಗುಂಪು ಸಿಡಿಸಿದ ನೆಲಬಾಂಬುಗಳಿಗೆ ೨೨ ಮಂದಿ ಬಲಿಯಾದರು. ಅವನಿಗೆ ನೆರವಾದರೆಂಬ ಆಪಾದನೆಯ ಮೇಲೆ ಹಳ್ಳಿಗರನೇಕರನ್ನು ಟಾಡಾದಡಿ ಹಿಡಿದು ಮೈಸೂರಿನ ಸೆರೆಮನೆಯಲ್ಲಿಟ್ಟರು. ವರ್ಷಗಳು ಉರುಳಿದವು, ವಿಚಾರಣೆ ಮುಗಿಯಲಿಲ್ಲ. ೨೦೦೦ನೆಯ ಇಸವಿ ಜುಲೈ ೩೦ರಂದು ವೀರಪ್ಪನ್ನನು ಡಾ. ರಾಜಕುಮಾರರನ್ನು ಅಪಹರಿಸಿದನು. ಅವನು ಒಡ್ಡಿದ ಬೇಡಿಕೆಗಳಲ್ಲಿ ಮೈಸೂರಿನಲ್ಲಿದ್ದ ೫೧ ಮಂದಿ ಟಾಡಾ ಬಂಧಿಗಳ ಬಿಡುಗಡೆಯೂ ಒಂದಾಗಿತ್ತು. ಸರ್ಕಾರವು ಅವರ ಮೇಲಿನ ಟಾಡಾ ಆಪಾದನೆಗಳನ್ನು ಹಿಂದೆಗೆದುಕೊಳ್ಳಲು ಮುಂದಾಯಿತು. ಆಗ ೧೯೯೨ರಲ್ಲಿ ವೀರಪ್ಪನ್ನನ ಗುಂಡಿಗೆ ಮಗನನ್ನು ಕಳೆದುಕೊಂಡಿದ್ದ ಒಬ್ಬ ತಂದೆ, ಪೋಲೀಸ್ ಅಧಿಕಾರಿಯ ತಂದೆ, ಸುಪ್ರೀಂ ಕೋರ್ಟಿಗೆ ಹೋದರು. ೨೦೦೦ದ ನವೆಂಬರ್ ೭ರಂದು ಕೋರ್ಟು ಸರ್ಕಾರದ ಕ್ರಮವನ್ನು ತಳ್ಳಿಹಾಕಿತು. ವಿಚಾರಣೆ ಮುಂದುವರಿದು ೨೦೦೧ರ ಸೆಪ್ಟೆಂಬರಿನಲ್ಲಿ ಮೈಸೂರಿನ ಟಾಡಾ ನ್ಯಾಯಾಲಯದ ತೀರ್ಪು ಹೊರಬಿದ್ದಾಗ ಆಪಾದಿತರಲ್ಲಿ ಬಹುಮಂದಿ ನಿರ್ದೋಷಿಗಳೆಂದು ಬಿಡುಗಡೆ ಹೊಂದಿದರು.

ಈ ಒಂದೇ ಪ್ರಕರಣದಲ್ಲಿ ಎರಡು ಅನ್ಯಾಯಗಳು ಅಡಗಿವೆ. ಎರಡನ್ನೂ ನಾವು ಕಾಣಬೇಕು. ಮಗನನ್ನು ಕಳೆದುಕೊಂಡ ತಂದೆಗೆ ನ್ಯಾಯವು ತಡವಾಯಿತು. ತಪ್ಪು ಮಾಡದ ಹಳ್ಳಿಗನಿಗೆ ಬಿಡುಗಡೆ ತಡವಾಯಿತು. ಮೊಕದ್ದಮೆಗಳು ಸಕಾಲಕ್ಕೆ ಮುಗಿದಿದ್ದರೆ ಅಪರಾಧಿಗೆ ಶಿಕ್ಷೆಯೂ ನಿರಪರಾಧಿಗೆ ಮನೆಯೂ ಎಂದೋ ದೊರೆತು, ಆ ಬಂಧಿಗಳು ಒಬ್ಬ ದರೋಡೆಕೋರನ ಚೌಕಾಸಿಯ ಸರಕಾಗುತ್ತಿರಲಿಲ್ಲ. ಬಿಗಿ ಕಾಯಿದೆಯಿಂದ ಶೀಘ್ರ ನ್ಯಾಯ ದೊರೆಯುವುದೆಂಬ ನಂಬಿಕೆಗೆ ಮೈಸೂರಿನ ಅನುಭವವು ಬೆಂಬಲ ಕೊಡುವುದಿಲ್ಲ.

ಉತ್ತರಕ್ಕೆ ನೋಡೋಣ. ಒಮ್ಮೆ ಹೈದರಾಬಾದಿಗೆ ಸೇರಿದ್ದು, ೧೯೫೬ರ ನವೆಂಬರ್ ೧ರಂದು ನಮ್ಮೊಡನೆ ಒಂದಾದ ಕಲಬುರಗಿಯಲ್ಲಿ ಔಷಧಶಾಸ್ತ್ರವನ್ನು ಓದುತ್ತಿದ್ದ ತರುಣನೊಬ್ಬನನ್ನು ೧೯೯೪ರ ಜನವರಿಯಲ್ಲಿ ಹಿಡಿದೊಯ್ದರು. ಪೋಲೀಸರ ವಶದಲ್ಲಿದ್ದಾಗ ಬರೆಸಿಕೊಂಡ ತಪ್ಪೊಪ್ಪಿಗೆಯ ಮೇಲೆ ಟಾಡಾ ನ್ಯಾಯಾಲಯವು ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ತಪ್ಪೊಪ್ಪಿಗೆ ನಿಲ್ಲದೆಂದು ಸುಪ್ರೀಂ ಕೋರ್ಟು ಅವನನ್ನು ಬಿಡುಗಡೆ ಮಾಡಿದ್ದು ೨೦೧೬ರ ಮೇ ತಿಂಗಳಲ್ಲಿ. ಇಪ್ಪತ್ತೆರಡು ವರ್ಷಗಳಿಗೂ ಮಿಕ್ಕ ಕಾಲ. ಉಪಾಧ್ಯಾಯರಾದ ತಾವು ಒಂದನೆಯ ತರಗತಿಗೆ ಸೇರಿಸಿಕೊಂಡ ಹುಡುಗನು ಓದು ಮುಗಿಸಿ, ಉದ್ಯೋಗ ಹಿಡಿದು, ತನ್ನ ಮಗುವನ್ನು ಶಾಲೆಗೆ ಸೇರಿಸಲು ಬರುವಷ್ಟು ಕಾಲ ಅದು. ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು ಎಂದು ಕನ್ನಡಿಗರು ಹರಿದು ಹಂಚಿಹೋಗಿದ್ದ ದಿನಗಳಲ್ಲಿ ಒಂದು ಕಡೆಯ ದಮನ ಇನ್ನೊಂದು ಕಡೆಗೆ ಸುದ್ದಿಯಾಗಿಯೂ ತಲಪುತ್ತಿರಲಿಲ್ಲ. ಒಂದಾದ ನಾಡಿನಲ್ಲಿ ಕಲಬುರಗಿಯ ಮಗನ ದುಃಖ ಹಾಸನದ ದುಃಖವಾಗಬೇಡವೇ? ಆ ಭಾವನೆ ಬಾರದಿದ್ದರೆ ಏಕೀಕರಣವು ಭೂಪಟದ ಬಣ್ಣವಷ್ಟೇ ಆಗಿ ಉಳಿದೀತು.

ಟಾಡಾ ಹೇಗೆ ಕೊನೆಗೊಂಡಿತು ಎಂಬುದು ನನ್ನ ವಾದದ ಮುಖ್ಯ ಭಾಗ. ೧೯೯೪ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿತ್ತು. ಆದುದರಿಂದ ಅದನ್ನು ಕೊನೆಗಾಣಿಸಿದ್ದು ನ್ಯಾಯಾಲಯವಲ್ಲ. ೧೯೯೫ರ ಮೇ ತಿಂಗಳಿಗೆ ಅದರ ವಾಯಿದೆ ತೀರುವುದರಲ್ಲಿತ್ತು. ಮಾನವ ಹಕ್ಕುಗಳ ರಾಷ್ಟ್ರೀಯ ಆಯೋಗದ ಅಧ್ಯಕ್ಷರಾದ ನ್ಯಾಯಮೂರ್ತಿ ರಂಗನಾಥ ಮಿಶ್ರರು ಪಾರ್ಲಿಮೆಂಟಿನ ಸದಸ್ಯರಿಗೆ ಪತ್ರ ಬರೆದು, ಮತ್ತೆ ಮುಂದುವರಿಸಬಾರದೆಂದು ಕೇಳಿಕೊಂಡರು. ದಸ್ತಗಿರಿಯಾದವರು ೭೫ ಸಾವಿರಕ್ಕೂ ಹೆಚ್ಚು, ಶಿಕ್ಷೆ ಹೊಂದಿದವರು ನೂರಕ್ಕೆ ಇಬ್ಬರೂ ಅಲ್ಲ ಎಂಬ ಲೆಕ್ಕ ಜನರ ಮುಂದಿತ್ತು. ಮುಂದುವರಿಸುವ ಧೈರ್ಯ ಸರ್ಕಾರಕ್ಕೆ ಬರಲಿಲ್ಲ, ಕಾಯಿದೆ ಸತ್ತಿತು. ಅದಕ್ಕೆ ಮುಂಚೆ ಮೂರು ಸಲ ವಾಯಿದೆ ಬಂದಾಗ ಸಭೆಯು ಕೈಯೆತ್ತಿ ಕಳುಹಿಸಿತ್ತೆಂಬುದನ್ನೂ ನಾನು ಮುಚ್ಚಿಡುವುದಿಲ್ಲ. ವಾಯಿದೆಯೊಂದೇ ಸಾಲದು, ಅದರ ಜೊತೆಗೆ ಲೆಕ್ಕವೂ ಬೇಕು. ೧೯೯೫ರಲ್ಲಿ ಎರಡೂ ಕೂಡಿಬಂದವು.

ಆರು ವರ್ಷಗಳ ಮೇಲೆ, ಅಮೆರಿಕೆಯ ಗೋಪುರಗಳು ಉರುಳಿದ ಮರುತಿಂಗಳು, ಪೋಟಾ ಎಂಬ ಆಜ್ಞೆ ಹೊರಟಿತು. ೨೦೦೨ರ ಮಾರ್ಚ್ ೨೧ರಂದು ರಾಜ್ಯಸಭೆ ಆ ಮಸೂದೆಯನ್ನು ೧೧೩ಕ್ಕೆ ೯೮ರಂತೆ ತಿರಸ್ಕರಿಸಿತು. ೨೬ರಂದು ಎರಡೂ ಸಭೆಗಳನ್ನು ಒಟ್ಟಿಗೆ ಕೂಡಿಸಿ, ೪೨೫ಕ್ಕೆ ೨೯೬ ಮತಗಳಿಂದ ಅಂಗೀಕರಿಸಿದರು. ಅದಕ್ಕೆ ಮೂರು ವರ್ಷಗಳ ವಾಯಿದೆಯಿತ್ತು. ಮೊಕದ್ದಮೆಗಳನ್ನು ನೋಡುವ ವಿಮರ್ಶಾ ಸಮಿತಿಗಳೂ ಇದ್ದವು. ವಾಯಿದೆ ತುಂಬುವ ಮೊದಲೇ, ೨೦೦೪ರ ಸೆಪ್ಟೆಂಬರಿನಲ್ಲಿ, ಹೊಸ ಸರ್ಕಾರವು ಅದನ್ನು ರದ್ದುಗೊಳಿಸಿತು.

ಇಲ್ಲಿಯೇ ಕಥೆ ತಿರುಗಿತು. ರದ್ದುಪಡಿಸಿದ ದಿನವೇ, ೧೯೬೭ರಿಂದ ಇದ್ದ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯಿದೆಗೆ ತಿದ್ದುಪಡಿಯಾಯಿತು. ಹಳೆಯ ಮನೆಯನ್ನು ಕೆಡವಿ ಅದರ ತೊಲೆ ಬಾಗಿಲುಗಳನ್ನು ಪಕ್ಕದ ಮನೆಗೆ ಜೋಡಿಸಿದಂತಾಯಿತು. ಪೋಲೀಸರ ಮುಂದಿನ ತಪ್ಪೊಪ್ಪಿಗೆಯ ಕಲಮನ್ನು ಕೈಬಿಟ್ಟರೆಂಬುದನ್ನು ಒಪ್ಪಬೇಕು. ಆದರೆ ವಾಯಿದೆಯನ್ನೂ ಕೈಬಿಟ್ಟರು. ೨೦೦೮ರಲ್ಲಿ ಮುಂಬಯಿಯ ಹತ್ಯಾಕಾಂಡದ ತರುವಾಯ, ಡಿಸೆಂಬರ್ ೧೬ರಂದು ಮಂಡಿಸಿದ ತಿದ್ದುಪಡಿ ೧೭ರಂದು ಲೋಕಸಭೆಯನ್ನೂ ೧೮ರಂದು ರಾಜ್ಯಸಭೆಯನ್ನೂ ದಾಟಿತು. ಆಪಾದನಾಪತ್ರ ಸಲ್ಲಿಸದೆ ೧೮೦ ದಿನಗಳವರೆಗೆ ಬಂಧನದಲ್ಲಿಡಲು ಅವಕಾಶವಾಯಿತು. ಪೋಲೀಸರ ಕಾಗದಗಳನ್ನು ನೋಡಿದರೆ ಆಪಾದನೆ ಮೇಲ್ನೋಟಕ್ಕೆ ನಿಜವೆಂದು ತೋರಿದಲ್ಲಿ ಜಾಮೀನು ಕೊಡಕೂಡದೆಂದು ವಿಧಿಸಲಾಯಿತು. ೨೦೧೯ರಲ್ಲಿ, ಸಂಘಗಳನ್ನು ಮಾತ್ರವೇ ಅಲ್ಲ, ಒಬ್ಬ ವ್ಯಕ್ತಿಯನ್ನೂ ವಿಚಾರಣೆಗೆ ಮೊದಲೇ ಭಯೋತ್ಪಾದಕನೆಂದು ಘೋಷಿಸುವ ಅಧಿಕಾರ ಬಂದಿತು; ಲೋಕಸಭೆಯಲ್ಲಿ ಅದರ ಪರ ೨೮೭ ಮತಗಳು, ವಿರುದ್ಧ ೮. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೧೧೩ನೆಯ ಕಲಂ ಭಯೋತ್ಪಾದನೆಯನ್ನು ಸಾಮಾನ್ಯ ದಂಡಶಾಸ್ತ್ರದೊಳಗೇ ಸೇರಿಸಿತು.

ಮಹನೀಯರೇ, ಇದು ಒಂದು ಪಕ್ಷದ ದೋಷವೆಂದು ಹೇಳುವಂತಿಲ್ಲ. ಟಾಡಾ ತಂದವರು ಪೋಟಾವನ್ನು ವಿರೋಧಿಸಿದರು. ಪೋಟಾ ರದ್ದುಮಾಡಿ ೨೦೦೮ರ ತಿದ್ದುಪಡಿಯನ್ನು ತಂದರು. ಮೀಸಾದ ಸೆರೆಯನ್ನು ಕಂಡವರ ಪಕ್ಷ ೨೦೧೯ರದ್ದನ್ನು ತಂದಿತು. ಹಾಸನ ಕ್ಷೇತ್ರವನ್ನೂ ಈ ಅವಧಿಯಲ್ಲಿ ಬೇರೆ ಬೇರೆ ಪಕ್ಷಗಳವರು ಪ್ರತಿನಿಧಿಸಿದ್ದಾರೆ. ಚುನಾವಣೆಯ ಕಾಲದಲ್ಲಿ ಹೇಮಾವತಿಯ ನೀರು, ಆಲೂಗಡ್ಡೆಯ ಬೆಲೆ, ಕಾಡಾನೆಯ ಹಾವಳಿ, ರಸ್ತೆ ಇವುಗಳನ್ನು ನಾವು ಕೇಳಿದೆವು, ಕೇಳಬೇಕಾದದ್ದೇ. ಆದರೆ ಈ ಮಸೂದೆಗೆ ತಾವು ಏಕೆ ಕೈಯೆತ್ತಿದಿರಿ, ಏಕೆ ಎತ್ತಲಿಲ್ಲ ಎಂದು ನಾವು ಯಾರನ್ನು ಕೇಳಿದ್ದೇವೆ?

ಸರ್ಕಾರವೇ ೨೦೨೧ರಲ್ಲಿ ರಾಜ್ಯಸಭೆಗೆ ಕೊಟ್ಟ ಲೆಕ್ಕದಂತೆ, ೨೦೧೬ರಿಂದ ೨೦೧೯ರವರೆಗೆ ಈ ಕಾಯಿದೆಯಡಿ ದಸ್ತಗಿರಿಯಾದವರು ೫,೯೨೨ ಮಂದಿ. ಆ ಅವಧಿಯಲ್ಲಿ ಶಿಕ್ಷೆ ಹೊಂದಿದವರು ೧೩೨ ಮಂದಿ. ಹಿಡಿದ ವರ್ಷದಲ್ಲಿಯೇ ಮೊಕದ್ದಮೆ ತೀರುವುದಿಲ್ಲವಾದ್ದರಿಂದ ಮಿಕ್ಕವರೆಲ್ಲ ನಿರ್ದೋಷಿಗಳೆಂದು ನಾನು ಹೇಳುವುದಿಲ್ಲ. ಆದರೆ ಟಾಡಾದ ಲೆಕ್ಕಕ್ಕೂ ಈ ಲೆಕ್ಕಕ್ಕೂ ಇರುವ ಹೋಲಿಕೆಯನ್ನು ಕಂಡು ವಿಚಾರವಂತರು ಸುಮ್ಮನಿರುವಂತಿಲ್ಲ. ವಿಚಾರಣೆ ಅತಿಯಾಗಿ ಎಳೆದರೆ ಈ ಕಾಯಿದೆಯ ಆಪಾದಿತನಿಗೂ ಜಾಮೀನು ಸಲ್ಲಬಹುದೆಂದು ೨೦೨೧ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದು ಔಷಧವೇ ಸರಿ. ಆದರೆ ರೋಗ ಬಲಿತ ಮೇಲಿನ ಔಷಧ. ಮೊದಲೇ ನೋಡಬೇಕಾದ ಕರ್ತವ್ಯ ಶಾಸನಸಭೆಯದು.

ವಿಮರ್ಶೆಯಿಂದ ರಾಜ್ಯವು ದುರ್ಬಲವಾಗುವುದೆಂದು ಕೆಲವರು ಅಂಜುತ್ತಾರೆ. ೧೯೭೪ರಲ್ಲಿ ಬರ್ಮಿಂಗ್‌ಹ್ಯಾಮಿನ ಸ್ಫೋಟಗಳ ತರುವಾಯ ಬ್ರಿಟನ್ನು ಮಾಡಿದ ಕಾಯಿದೆ ಕಾಲಕಾಲಕ್ಕೆ ಪಾರ್ಲಿಮೆಂಟಿನ ಒಪ್ಪಿಗೆಯಿಂದಲೇ ಮುಂದುವರಿಯಬೇಕಾಗಿತ್ತು. ಅದರ ಸ್ಥಾನದಲ್ಲಿ ಖಾಯಂ ಕಾಯಿದೆ ಬಂದ ಮೇಲೆಯೂ, ಗುಪ್ತ ಕಾಗದಗಳನ್ನು ನೋಡುವ ಅಧಿಕಾರವುಳ್ಳ ಒಬ್ಬ ಸ್ವತಂತ್ರ ವಿಮರ್ಶಕನು ಅದರ ನಡವಳಿಕೆಯನ್ನು ಪರೀಕ್ಷಿಸಿ ವರ್ಷವರ್ಷವೂ ವರದಿ ಬರೆಯುತ್ತಾನೆ. ಆ ವರದಿ ಪಾರ್ಲಿಮೆಂಟಿನ ಮುಂದೆ ಬರುತ್ತದೆ. ಆಸ್ಟ್ರೇಲಿಯವು ೨೦೧೦ರಲ್ಲಿ ಅಂಥದೇ ಅಧಿಕಾರಿಯನ್ನು ಏರ್ಪಡಿಸಿತು. ಈ ದೇಶಗಳು ಭಯೋತ್ಪಾದಕರಿಗೆ ಶರಣಾಗಲಿಲ್ಲ. ನಿರಪರಾಧಿಯನ್ನು ಹಿಡಿದು ವರ್ಷಗಟ್ಟಲೆ ಕೂಡಿಹಾಕಿದಷ್ಟು ಕಾಲವೂ ನಿಜವಾದ ಅಪರಾಧಿ ಹೊರಗೆ ತಿರುಗುತ್ತಿರುತ್ತಾನೆ ಎಂಬ ಸರಳ ಸತ್ಯವನ್ನು ಅವು ಕಂಡುಕೊಂಡಿವೆ.

ಹಾಗಾದರೆ ನಮ್ಮ ಬೇಡಿಕೆಗಳೇನು? ನಾಲ್ಕನ್ನು ತಮ್ಮ ಮುಂದಿಡುತ್ತೇನೆ.

ಮೊದಲನೆಯದು, ಈ ಕಾಯಿದೆಯ ವಿಶೇಷಾಧಿಕಾರಗಳಿಗೆ ಐದು ವರ್ಷಗಳ ವಾಯಿದೆಯಿರಲಿ. ಪ್ರತಿ ಲೋಕಸಭೆಯೂ ತನ್ನ ಕಾಲದಲ್ಲಿ ಒಮ್ಮೆ ಅದನ್ನು ಚರ್ಚಿಸಿ, ಬೇಕಾದರೆ ಉಳಿಸಲಿ, ಬೇಡವಾದರೆ ಬಿಡಲಿ.

ಎರಡನೆಯದು, ಪ್ರತಿವರ್ಷವೂ ಲೆಕ್ಕ ಹೊರಬೀಳಲಿ. ಎಷ್ಟು ಮಂದಿಯ ದಸ್ತಗಿರಿಯಾಯಿತು, ಎಷ್ಟು ಮಂದಿಗೆ ಜಾಮೀನಾಯಿತು, ಎಷ್ಟು ಮಂದಿ ಬಿಡುಗಡೆಯಾದರು, ಅವರು ಒಳಗೆ ಕಳೆದ ಕಾಲವೆಷ್ಟು ಎಂಬುದು ತಿಳಿಯಲಿ. ಪೋಲೀಸು ರಾಜ್ಯದ ವಿಷಯವಾದ್ದರಿಂದ ಈ ಲೆಕ್ಕವನ್ನು ವಿಧಾನಸೌಧದಲ್ಲಿಯೂ ಕೇಳಬಹುದು. ನಮ್ಮ ನಾಲ್ಕು ತಾಲ್ಲೂಕುಗಳ ಶಾಸಕರೇ ಕೇಳಬಹುದು.

ಮೂರನೆಯದು, ನಿರ್ದೋಷಿಯೆಂದು ಬಿಡುಗಡೆಯಾದವನಿಗೆ ಪರಿಹಾರ ದೊರೆಯಲಿ. ತಪ್ಪು ಮೊಕದ್ದಮೆಗೆ ಗುರಿಯಾದವರ ಪರಿಹಾರಕ್ಕೆ ಕಾನೂನು ಬೇಕೆಂದು ಕಾನೂನು ಆಯೋಗವು ೨೦೧೮ರಲ್ಲಿ ತನ್ನ ೨೭೭ನೆಯ ವರದಿಯಲ್ಲಿ ಹೇಳಿದೆ. ಆ ವರದಿಯನ್ನು ಧೂಳು ಒರೆಸಿ ತೆಗೆಯಬೇಕು.

ನಾಲ್ಕನೆಯದು ಭಾಷೆಯ ಮಾತು. ಈ ಕಾಯಿದೆಗಳ ಪಾಠವೂ ಅವುಗಳಡಿ ಹಿಡಿಯಲ್ಪಟ್ಟವನ ಹಕ್ಕುಗಳೂ ತಿಳಿಗನ್ನಡದಲ್ಲಿ ಪ್ರತಿ ತಾಲ್ಲೂಕಿನ ಗ್ರಂಥಾಲಯದಲ್ಲಿ ದೊರೆಯಬೇಕು. ಅರಕಲಗೂಡಿನ ಸಂತೆಗೆ ಬಂದವನಿಗೆ ಅರ್ಥವಾಗದ ಕಾಯಿದೆ ಅವನನ್ನು ಮಾತ್ರ ತಪ್ಪದೆ ಅರ್ಥಮಾಡಿಕೊಂಡು ಹಿಡಿಯುವುದಾದರೆ, ಕನ್ನಡ ರಾಜ್ಯವಾಗಿ ಏನು ಫಲ?

ಉಪಾಧ್ಯಾಯ ಮಿತ್ರರೇ, ಪೌರನೀತಿಯ ಪಾಠದಲ್ಲಿ ತಾವು ಮೂಲಭೂತ ಹಕ್ಕುಗಳನ್ನು ಬಾಯಿಪಾಠ ಮಾಡಿಸುತ್ತೀರಿ. ಮಸೂದೆಯೊಂದು ಹೇಗೆ ಕಾಯಿದೆಯಾಗುತ್ತದೆ ಎಂಬುದನ್ನು ಕಲಿಸುವಾಗ, ಕಾಯಿದೆಯೊಂದು ಹೇಗೆ ಕೊನೆಗಾಣುತ್ತದೆ ಎಂಬುದನ್ನೂ ಕಲಿಸಿರಿ. ೧೯೨೨, ೧೯೬೯, ೧೯೭೮, ೧೯೯೫, ೨೦೦೪ ಈ ಐದು ಇಸವಿಗಳನ್ನು ಕರಿಹಲಗೆಯ ಮೇಲೆ ಬರೆಯಿರಿ. ಐದು ಸಲ ಈ ದೇಶವು ತಾನು ಮಾಡಿಕೊಂಡ, ಇಲ್ಲವೆ ತನ್ನ ಮೇಲೆ ಹೇರಲ್ಪಟ್ಟ ಬಿಗಿ ಕಾಯಿದೆಯನ್ನು ಇಳಿಸಿತು. ಐದು ಸಲವೂ ದೇಶ ಮುಳುಗಲಿಲ್ಲ.

ಮುಂದಿನ ಸಲ ಮತ ಕೇಳಲು ಬರುವವರನ್ನು, ಅ ಪಕ್ಷದವರಾಗಲಿ ಆ ಪಕ್ಷದವರಾಗಲಿ, ನಾಲ್ಕೂ ತಾಲ್ಲೂಕುಗಳವರು ಒಂದೇ ಪ್ರಶ್ನೆಯನ್ನು ಕೇಳೋಣ: ಈ ಕಾಯಿದೆಗೆ ವಾಯಿದೆಯನ್ನು ಬರೆಯಿಸುವಿರಾ? ಉತ್ತರವನ್ನು ಬರೆದಿಟ್ಟುಕೊಳ್ಳೋಣ, ಐದು ವರ್ಷಗಳ ಮೇಲೆ ತೆಗೆದು ಓದೋಣ. ಪ್ರಜಾಪ್ರತಿನಿಧಿ ಸಭೆಯ ಕಾಲದಿಂದ ನಮಗೆ ಬಂದಿರುವ ಆಸ್ತಿ ಇದೇ.

 ಸಿರಿಗನ್ನಡಂ ಗೆಲ್ಗೆ.